ಅರಿತವನ ಋಣ

ದಾರಿಗನೊಬ್ಬನು ಹಾದಿ ತಪ್ಪಿಯೋ, ಏರಿಬಂದ ನಾವೆ ಒಡೆದೋ, ಅಪರಿಚಿತವಾದ ಒಂದು ಸಣ್ಣ ಊರನ್ನು ಸೇರುವನು. ಊರವರು ಅವನನ್ನು ಆದರದಿಂದ ಬರಮಾಡಿಕೊಂಡು ಅನ್ನವನ್ನೂ ಹಾಸಿಗೆಯನ್ನೂ ಕೊಡುವರು. ದಿನ ಕಳೆದಂತೆ ಅಲ್ಲಿ ಏನೋ ಸರಿಯಿಲ್ಲವೆಂದು ಅವನಿಗೆ ತೋರತೊಡಗಿ, ಕಡೆಗೆ ತನ್ನನ್ನು ಉಪಚರಿಸುತ್ತಿರುವವರು ಮನುಷ್ಯರೇ ಅಲ್ಲವೆಂಬುದು ಗೊತ್ತಾಗುವುದು. ಇಂಥ ಕಥೆಗಳು ಅನೇಕ ದೇಶಗಳಲ್ಲಿ ಹುಟ್ಟಿವೆ. ಇವು ಮಕ್ಕಳನ್ನು ಬೆದರಿಸುವ ಅಜ್ಜಿಯ ಕಥೆಗಳೆಂದು ಪಕ್ಕಕ್ಕೆ ಸರಿಸಿಬಿಡುವುದು ಸುಲಭ. ಆದರೆ ಭರತಮುನಿಯು ಭಯಾನಕವನ್ನು ಎಂಟು ರಸಗಳಲ್ಲಿ ಒಂದನ್ನಾಗಿ ಎಣಿಸಿರುವನಷ್ಟೆ. ವೀರಕರುಣಗಳಿಂದ ಮನಸ್ಸಿಗೆ ಸಂಸ್ಕಾರವುಂಟಾಗುವುದೆಂದು ಒಪ್ಪುವವರು ಭಯಾನಕದಿಂದಲೂ ಯಾವುದೋ ಒಂದು ಸಂಸ್ಕಾರವುಂಟಾಗಬೇಕೆಂದು ಒಪ್ಪಲೇ ಬೇಕು. ಅದು ಯಾವುದೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಇಂಥ ಕಥೆಗಳಲ್ಲಿ ಬಹು ಪ್ರಾಚೀನವಾದುದೊಂದು ಪಾಲಿಭಾಷೆಯ ಜಾತಕಸಂಗ್ರಹದಲ್ಲಿದೆ. ಅಲ್ಲಿ ೧೯೬ನೆಯದಾದ ಇದಕ್ಕೆ ವಲಾಹಸ್ಸ ಜಾತಕವೆಂದು ಹೆಸರು. ತಾಮ್ರಪರ್ಣೀದ್ವೀಪದಲ್ಲಿ, ಎಂದರೆ ಈಗಿನ ಲಂಕೆಯಲ್ಲಿ, ಸಿರೀಸವತ್ಥುವೆಂಬ ಯಕ್ಷನಗರವೊಂದಿತ್ತು. ಅದರಲ್ಲಿ ವಾಸಿಸುತ್ತಿದ್ದವರು ಯಕ್ಷಿಣಿಯರು. ಕಡಲಿನಲ್ಲಿ ಹಡಗು ಒಡೆದು ವರ್ತಕರು ದಡಕ್ಕೆ ಬಂದರೆಂದರೆ ಇವರು ಸಿಂಗರಿಸಿಕೊಂಡು, ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡು, ಗಂಜಿಯನ್ನೂ ಅನ್ನವನ್ನೂ ಹಿಡಿದು ಎದುರುಗೊಳ್ಳುವರು. ಬಂದವರಿಗೆ ಇದು ಮನುಷ್ಯರ ಊರೆಂದು ತೋರುವಂತೆ ಅಲ್ಲಲ್ಲಿ ಉಳುವ ಒಕ್ಕಲಿಗರನ್ನೂ ಮೇಯುವ ದನಗಳನ್ನೂ ನಾಯಿಗಳನ್ನೂ ಮಾಯೆಯಿಂದ ತೋರಿಸುವರು. ತಮ್ಮ ಗಂಡಂದಿರೂ ಹಡಗೇರಿ ಹೋದವರೆಂದೂ, ಮೂರು ವರ್ಷವಾದರೂ ತಿರುಗಿ ಬಾರದುದರಿಂದ ಸತ್ತಿರಬೇಕೆಂದೂ, ಇನ್ನು ನೀವೇ ನಮಗೆ ಗಂಡಂದಿರೆಂದೂ ಹೇಳಿ ಮನೆಗೆ ಕರೆದೊಯ್ಯುವರು. ಮೊದಲು ಹೀಗೆಯೇ ಬಂದು ಸೇರಿದ್ದವರನ್ನು ಮಾಯಾಶೃಂಖಲೆಗಳಿಂದ ಬಿಗಿದು ಯಾತನಾಗೃಹಕ್ಕೆ ತಳ್ಳಿರುವರು. ರಾತ್ರಿಯಲ್ಲಿ ಎದ್ದು ಹೋಗಿ ಅವರನ್ನು ತಿನ್ನುವರು.

ಒಮ್ಮೆ ೫೦೦ ಜನ ವರ್ತಕರು ಹೀಗೆ ಬಂದು ಸೇರಿದರು. ಹಿರಿಯ ಯಕ್ಷಿಣಿಯು ಹಿರಿಯ ವರ್ತಕನನ್ನೂ ಮಿಕ್ಕವರು ಮಿಕ್ಕವರನ್ನೂ ವರಿಸಿದರು. ಒಂದು ರಾತ್ರಿ ಹಿರಿಯ ವರ್ತಕನು ನಿದ್ದೆಯಲ್ಲಿದ್ದಾಗ ಆಕೆಯು ಎದ್ದು ಹೋಗಿ ತನ್ನ ಆಹಾರವನ್ನು ಮುಗಿಸಿ ಬಂದು ಮಲಗಿದಳು. ಆಕೆಯ ಮೈ ತಣ್ಣಗಿತ್ತು. ಆ ತಣ್ಪು ತಗುಲಿದೊಡನೆಯೇ ಅವನಿಗೆ ಎಲ್ಲವೂ ತಿಳಿದುಹೋಯಿತು. ಕೂಗಲಿಲ್ಲ, ಓಡಲಿಲ್ಲ. ಬೆಳಗ್ಗೆ ಮುಖ ತೊಳೆಯಲು ಹೋದಾಗ ಜೊತೆಯವರಿಗೆ ವಿಷಯವನ್ನು ತಿಳಿಸಿ, ಓಡಿಹೋಗೋಣವೆಂದನು. ಅವರಲ್ಲಿ ೨೫೦ ಜನರು ಒಪ್ಪಿದರು. ಉಳಿದ ೨೫೦ ಜನರು, ತಾವು ಇವರನ್ನು ಬಿಟ್ಟು ಬರಲಾರೆವೆಂದೂ, ಹೋಗುವವರು ಹೋಗಬಹುದೆಂದೂ ಹೇಳಿದರು. ಆ ಸಮಯಕ್ಕೆ ಬೋಧಿಸತ್ತ್ವನು ಬಿಳಿಯ ಬಣ್ಣದ, ಆಕಾಶಗಾಮಿಯಾದ ಕುದುರೆಯಾಗಿ ಹುಟ್ಟಿದ್ದು, ಹಿಮವತ್ಪರ್ವತದಿಂದ ಅಲ್ಲಿಗೆ ಬಂದು, ನಾಡಿಗೆ ಹೋಗಬೇಕೆನ್ನುವವರು ಯಾರಾದರೂ ಇರುವರೇ ಎಂದು ಮನುಷ್ಯವಾಣಿಯಿಂದ ಮೂರು ಬಾರಿ ಕೇಳಿದನು. ಕೆಲವರು ಬೆನ್ನೇರಿದರು, ಕೆಲವರು ಬಾಲವನ್ನು ಹಿಡಿದರು, ಕೆಲವರು ಸುಮ್ಮನೆ ಕೈಮುಗಿದು ನಿಂತರು. ಎಲ್ಲರನ್ನೂ ಅವರವರ ನೆಲೆಗೆ ಸೇರಿಸಿದನು. ಉಳಿದವರನ್ನು, ಮುಂದೆ ಬೇರೆಯ ಹಡಗಿನವರು ಬಂದಾಗ, ಯಕ್ಷಿಣಿಯರು ಕೊಂದು ತಿಂದರು.

ಕಥೆಯಲ್ಲಿ ಭಯವು ಎಲ್ಲಿದೆ? ನರಮಾಂಸವನ್ನು ತಿನ್ನುವುದರಲ್ಲಿದೆಯೆಂದು ಹೇಳಿದರೆ ಅದು ಸ್ಥೂಲವಾದ ಉತ್ತರ. ಹುಲಿಯೂ ಮನುಷ್ಯನನ್ನು ತಿನ್ನುವುದು. ಅದರಿಂದ ಹುಟ್ಟುವ ಭಯವು ಓಡಿದರೆ ತೀರುವಂಥದು. ಈ ಕಥೆಯನ್ನು ಕೇಳಿದವನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಯಕ್ಷಿಣಿಯರಲ್ಲಲ್ಲ. ತಿಳಿದ ಮೇಲೆಯೂ ಉಳಿದುಕೊಂಡ ಆ ೨೫೦ ಜನರಲ್ಲಿ.

ಅವರ ಪರವಾಗಿ ವಾದಿಸಲು ಎಡೆಯಿಲ್ಲದೆ ಇಲ್ಲ. ಮೊದಲನೆಯದಾಗಿ ಹೀಗೆನ್ನಬಹುದು: ಹಿರಿಯ ವರ್ತಕನಿಗಾದುದು ಪ್ರತ್ಯಕ್ಷಜ್ಞಾನವಾದರೂ ಮಿಕ್ಕವರಿಗೆ ಅದು ಬರಿಯ ಶಬ್ದ. ಕತ್ತಲಲ್ಲಿ ಮೈ ತಣ್ಣಗಿತ್ತೆಂಬ ಒಬ್ಬನ ಮಾತನ್ನು ನಂಬಿ ಮನೆಮಠಗಳನ್ನು ತೊರೆಯುವುದು ವಿವೇಕವೇ? ಸಂಶಯಗ್ರಸ್ತನಾದವನು ಉಳಿದರೆ ಅದು ಪ್ರಮಾದವಾದೀತೇ ಹೊರತು ಪಾಪವಾಗದು. ಈ ವಾದವು ನ್ಯಾಯವಾಗಿ ತೋರಿದರೂ ಕಥೆಗೆ ಹೊಂದುವುದಿಲ್ಲ. ಸಂಶಯವುಳ್ಳವನು ಪ್ರಶ್ನಿಸುವನು, ಪರೀಕ್ಷಿಸುವನು. ನಿನ್ನ ಮಾತು ಸುಳ್ಳೆಂದಾದರೂ ಜಗಳವಾಡುವನು. ಇವರು ಅವೊಂದನ್ನೂ ಮಾಡಲಿಲ್ಲ. ಸುಳ್ಳೆನ್ನಲಿಲ್ಲ, ಬಿಡಲಾರೆವೆಂದರು. ಆದುದರಿಂದ ಅವರಿಗೆ ಜ್ಞಾನದ ಕೊರತೆಯಿತ್ತೆಂದು ಹೇಳಲಾಗದು.

ಎರಡನೆಯ ವಾದವು ಇದಕ್ಕಿಂತ ಬಲವಾದುದು. ಕಡಲಪಾಲಾಗಿದ್ದವರನ್ನು ಕರೆದು ಅನ್ನವಿಟ್ಟವರಿಗೆ ಕೃತಜ್ಞರಾಗಿರಬೇಕಾದುದು ಧರ್ಮವಲ್ಲವೇ? ಉಂಡ ಮನೆಗೆ ಎರಡು ಬಗೆಯುವುದನ್ನು ಯಾವ ಶಾಸ್ತ್ರವು ಒಪ್ಪುವುದು? ಕೈಹಿಡಿದವಳ ಕುಲವು ಹೀನವೆಂದು ತಿಳಿದೊಡನೆ ಬಿಟ್ಟೋಡುವವನಿಗಿಂತ ಉಳಿದವನೇ ಮೇಲಲ್ಲವೇ? ಇದಕ್ಕೆ ಸಮಾಧಾನವೇನೆಂದರೆ: ಅನ್ನವಿಕ್ಕಿದ ಮಾತ್ರಕ್ಕೆ ಋಣವು ಹುಟ್ಟುವುದಿಲ್ಲ. ಇಲ್ವಲನೂ ಬಂದ ಅತಿಥಿಗಳಿಗೆ ಉಣಬಡಿಸುತ್ತಿದ್ದವನೇ. ತಮ್ಮನಾದ ವಾತಾಪಿಯನ್ನೇ ಆಡಾಗಿಸಿ ಅಡಿಗೆ ಮಾಡಿ ಬಡಿಸಿ, ಆ ಮೇಲೆ ಅತಿಥಿಯ ಹೊಟ್ಟೆಯನ್ನು ಸೀಳಿಸುತ್ತಿದ್ದನು. ಆ ಊಟಕ್ಕೆ ಋಣಿಯಾದ ಅತಿಥಿಯು ಯಾರೂ ಇಲ್ಲ. ಒಬ್ಬನ ಸೊತ್ತನ್ನು ಕಿತ್ತು ಮತ್ತೊಬ್ಬನಿಗಿತ್ತರೆ, ಪಡೆದವನು ಕೃತಜ್ಞನಾಗಿರಬೇಕಾದುದು ಕಿತ್ತವನಿಗಲ್ಲ. ಸಿರೀಸವತ್ಥುವಿನಲ್ಲಿ ವರ್ತಕರು ಉಂಡ ಅನ್ನವೂ ಮಲಗಿದ ಮಂಚವೂ ಇನ್ನೊಬ್ಬರವಾಗಿದ್ದವು. ಆ ಇನ್ನೊಬ್ಬರು ಕೂಗಿದರೆ ಕೇಳುವಷ್ಟು ದೂರದಲ್ಲಿ ಸರಪಳಿಯಲ್ಲಿದ್ದರು.

ಚರಕಾಚಾರ್ಯನು ಪ್ರಜ್ಞಾಪರಾಧವೆಂಬ ಒಂದು ಮಾತನ್ನು ಬಳಸಿರುವನು. ಧೀ, ಧೃತಿ, ಸ್ಮೃತಿ ಎಂಬ ಮೂರೂ ನೆಲೆತಪ್ಪಿದವನು ಮಾಡುವ ಅಶುಭಕರ್ಮಕ್ಕೆ ಆ ಹೆಸರು. ಉಳಿದ ವರ್ತಕರಲ್ಲಿ ಕೆಟ್ಟಿದ್ದು ಈ ಮೂರರಲ್ಲಿ ಯಾವುದು? ಧೀ ಕೆಟ್ಟಿರಲಿಲ್ಲ, ಅವರಿಗೆ ತಿಳಿದಿತ್ತು. ಧೃತಿಯು ಕೆಟ್ಟಿತೆಂಬುದು ಸ್ಪಷ್ಟ. ಆದರೆ ಅದಕ್ಕೂ ಮೊದಲು ಸ್ಮೃತಿಯು ಕೆಟ್ಟಿತ್ತು. ಕಡಲದಡದಲ್ಲಿ ಯಕ್ಷಿಣಿಯರು ಆಡಿದ ಮೊದಲ ಮಾತೇನು? ನಮಗೆ ಗಂಡಂದಿರಿದ್ದರು, ಮೂರು ವರ್ಷಗಳಿಂದ ಕಾಣೆಯಾಗಿರುವರು ಎಂದಲ್ಲವೇ? ಅವರು ಯಾರು, ಯಾವ ಊರಿನವರು, ಯಾವ ಹಡಗಿನಲ್ಲಿ ಹೋದರು ಎಂದು ಆ ೫೦೦ ಜನರಲ್ಲಿ ಒಬ್ಬನಾದರೂ ಕೇಳಿದನೆಂದು ಕಥೆಯು ಹೇಳುವುದಿಲ್ಲ. ಇವರೂ ವರ್ತಕರು, ಹೋದವರೂ ವರ್ತಕರು. ಸಮಾನಧರ್ಮಿಗಳಾದ ಅಷ್ಟು ಜನರು ಒಮ್ಮೆಗೇ ಮರೆಯಾದುದು ಇವರಿಗೆ ಸುದ್ದಿಯೆಂದೇ ತೋರಲಿಲ್ಲ; ಅವಕಾಶವೆಂದು ತೋರಿತು. ಆಪತ್ತಿನಲ್ಲಿರುವವನಿಗೆ ತೆರವಾದ ಸ್ಥಳವು ಸಿಕ್ಕಿದರೆ ಸಾಕಾಗುವುದು, ಅದು ಹೇಗೆ ತೆರವಾಯಿತೆಂಬುದು ಬೇಡವಾಗುವುದು. ಯಕ್ಷಿಣಿಯರ ಮಾಯೆಗೆಲ್ಲ ಆಧಾರವಾದುದು ಈ ಬೇಡವೇ.

ಹಾಗಾದರೆ ಇಂಥ ಊರಿನ ನಿಜವು ಹೊರಗೆ ಬರುವುದಾದರೂ ಹೇಗೆ? ಈ ಕಥೆಯು ಬೇರೆ ಬೇರೆ ಸಂಪ್ರದಾಯಗಳಲ್ಲಿ ತಳೆದಿರುವ ರೂಪಗಳನ್ನು ಹೋಲಿಸಿ ನೋಡಿದರೆ ಇದಕ್ಕೆ ಉತ್ತರವು ದೊರೆಯುವುದು. ಶ್ವೇತಾಂಬರ ಜೈನರ ಆಗಮವಾದ ಜ್ಞಾತಾಧರ್ಮಕಥೆಯ ಒಂಬತ್ತನೆಯ ಅಧ್ಯಯನದಲ್ಲಿ ಚಂಪಾನಗರಿಯ ಮಾಕಂದಿಯ ಮಕ್ಕಳಾದ ಜಿನಪಾಲಿತ ಜಿನರಕ್ಷಿತರ ವೃತ್ತಾಂತವಿದೆ. ಹನ್ನೊಂದು ಸಲ ಕಡಲನ್ನು ದಾಟಿ ಬಂದಿದ್ದ ಇವರು ತಂದೆತಾಯಿಗಳ ಮಾತನ್ನು ಮೀರಿ ಹನ್ನೆರಡನೆಯ ಸಲ ಹೊರಟು, ಹಡಗು ಒಡೆದು ರತ್ನದ್ವೀಪವನ್ನು ಸೇರಿದರು. ಅಲ್ಲಿಯ ದೇವತೆಯು ಇವರನ್ನು ಇಟ್ಟುಕೊಂಡು, ಒಮ್ಮೆ ತಾನು ಬೇರೆಡೆಗೆ ಹೋಗಬೇಕಾದಾಗ, ದಕ್ಷಿಣದ ವನಕ್ಕೆ ಮಾತ್ರ ಹೋಗಬೇಡಿರೆಂದೂ ಅಲ್ಲಿ ಘೋರಸರ್ಪವಿದೆಯೆಂದೂ ಎಚ್ಚರಿಸಿದಳು. ಹೋಗಿ ನೋಡಿದರೆ ಅಲ್ಲಿ ಸರ್ಪವಿರಲಿಲ್ಲ. ಎಲುಬಿನ ರಾಶಿಯೂ, ಶೂಲಕ್ಕೇರಿಸಲ್ಪಟ್ಟು ಇನ್ನೂ ಪ್ರಾಣ ಹೋಗದೆ ನರಳುತ್ತಿದ್ದ ಒಬ್ಬ ಮನುಷ್ಯನೂ ಇದ್ದರು. ಅವನು ಕಾಕಂದಿಯ ಕುದುರೆವ್ಯಾಪಾರಿ. ಇವರಂತೆಯೇ ಹಡಗೊಡೆದು ಬಂದು, ಇವರಂತೆಯೇ ಆದರಿಸಲ್ಪಟ್ಟವನು. ಅಲ್ಪವಾದ ಒಂದು ತಪ್ಪಿಗಾಗಿ ಈ ಗತಿಗೆ ಬಂದವನು. ಪೂರ್ವದ ವನದಲ್ಲಿ ಅಶ್ವರೂಪಿಯಾದ ಸೇಲಗನೆಂಬ ಯಕ್ಷನಿರುವನೆಂದೂ, ಅವನನ್ನು ಮರೆಹೊಕ್ಕರೆ ದಾಟಿಸುವನೆಂದೂ ಇವರಿಗೆ ತಿಳಿಸಿದವನು ಅವನೇ. ಅಣ್ಣತಮ್ಮಂದಿರು ಯಕ್ಷನ ಬೆನ್ನೇರಿ ಹೊರಟಾಗ ದೇವತೆಯು ಹಿಂಬಾಲಿಸಿ ಬಂದು ಕರುಣೆಯ ಮಾತುಗಳನ್ನಾಡಿದಳು. ಜಿನರಕ್ಷಿತನು ಹಿಂದಿರುಗಿ ನೋಡಿ ಬಿದ್ದು ಅವಳ ಕತ್ತಿಗೆ ಆಹುತಿಯಾದನು. ಜಿನಪಾಲಿತನು ನೋಡದೆ ಚಂಪೆಯನ್ನು ಸೇರಿದನು.

ಚೀನದೇಶದ ಯಾತ್ರಿಕನಾದ ಹ್ಯೂಯೆನ್ ತ್ಸಾಂಗನು ಕ್ರಿ. ಶ. ೬೪೬ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಇದೇ ಕಥೆಯನ್ನು ಸಿಂಹಲನೆಂಬ ವರ್ತಕನ ಹೆಸರಿನಿಂದ ಹೇಳಿರುವನು. ಅಜಂತೆಯ ೧೭ನೆಯ ಗುಹೆಯ ಗೋಡೆಯ ಮೇಲೆ ವಿಸ್ತಾರವಾಗಿ ಚಿತ್ರಿತವಾಗಿರುವುದೂ ಈ ಸಿಂಹಲನ ಚರಿತ್ರೆಯೇ. ಯಾತ್ರಿಕನು ಹೇಳುವಂತೆ ರಾಕ್ಷಸಿಯರ ಕೋಟೆಯು ಕಬ್ಬಿಣದ್ದು. ಕೆಟ್ಟ ಕನಸನ್ನು ಕಂಡ ಸಿಂಹಲನು ರಾತ್ರಿಯಲ್ಲಿ ದಾರಿ ಹುಡುಕುತ್ತ ಹೋಗಿ, ಸೆರೆಮನೆಯ ಬಳಿ ಅಳುವ ದನಿಯನ್ನು ಕೇಳಿ, ಎತ್ತರವಾದ ಮರವನ್ನೇರಿ ಒಳಗಿದ್ದವರನ್ನು ಮಾತನಾಡಿಸಿದನು. ನೀವು ಬಂದುದರಿಂದಲೇ ನಮಗೆ ಈ ಸೆರೆಯಾಯಿತೆಂದೂ, ನಮ್ಮಲ್ಲಿ ಅರ್ಧದಷ್ಟು ಜನರನ್ನು ಆಗಲೇ ತಿಂದಿರುವರೆಂದೂ ಹೇಳಿ, ಕಡಲತಡಿಗೆ ಬರುವ ದಿವ್ಯಾಶ್ವದ ಸುದ್ದಿಯನ್ನು ಅವರೇ ಅವನಿಗೆ ಕೊಟ್ಟರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಶೂಲದ ಮೇಲಿದ್ದವನಿಗೆ ಬದುಕುವ ಆಸೆಯಿರಲಿಲ್ಲ. ಸೆರೆಯಲ್ಲಿದ್ದವರಿಗೆ ಕುದುರೆಯು ಎಟುಕುವಂತಿರಲಿಲ್ಲ. ಅವರು ಮಾತನಾಡಿದವರೋ, ತಮ್ಮ ಮನೆಯನ್ನೂ ಮಂಚವನ್ನೂ ಆಕ್ರಮಿಸಿಕೊಂಡು ತಮ್ಮ ನಾಶಕ್ಕೆ ತಿಳಿಯದೆಯೇ ಕಾರಣರಾದವರೊಡನೆ. ಅವರು ಮೌನವಾಗಿದ್ದರೆ ಯಾರೂ ದೂಷಿಸುವಂತಿರಲಿಲ್ಲ. ನೀವೂ ಅನುಭವಿಸಿರೆಂದು ಶಪಿಸಿದ್ದರೂ ಆಶ್ಚರ್ಯವಿರಲಿಲ್ಲ. ಆದರೂ ದಾರಿಯನ್ನು ಹೇಳಿದರು. ರಾಕ್ಷಸನಗರದಲ್ಲಿ ಮನುಷ್ಯತ್ವವು ಉಳಿದಿದ್ದುದು ಅಲ್ಲಿ ಮಾತ್ರ. ಬಿಡುಗಡೆ ಹೊಂದಿದವನು ಕುದುರೆಗೆ ಮಾತ್ರ ಋಣಿಯಲ್ಲ. ಕುದುರೆಯ ಸುದ್ದಿಯನ್ನು ಹೇಳಿದವರಿಗೂ ಋಣಿ.

ಇಷ್ಟರ ಮೇಲೆ ಒಂದು ದೊಡ್ಡ ಆಕ್ಷೇಪವಿದೆ. ಈ ಕಥೆಗಳೆಲ್ಲವೂ ತಪ್ಪಿಸಿಕೊಂಡು ಬಂದ ದಾರಿಗರು ಹೇಳಿದವು. ಊರವರ ಮಾತನ್ನು ಕೇಳಿದವರಿಲ್ಲ. ಪರದೇಶದವರ ಮುಖವೂ ಆಹಾರವೂ ಆಚಾರವೂ ತನ್ನವಕ್ಕಿಂತ ಬೇರೆಯಾಗಿದ್ದ ಮಾತ್ರಕ್ಕೆ ಅವರನ್ನು ಯಕ್ಷರೆಂದೂ ರಾಕ್ಷಸರೆಂದೂ ಕರೆದುಬಿಡುವುದು ಮನುಷ್ಯನ ಹಳೆಯ ಅಭ್ಯಾಸ. ಆಕ್ಷೇಪವು ಸುಳ್ಳಲ್ಲ. ಸಿರೀಸವತ್ಥುವಿನ ಹೆಸರು ಲಂಕೆಯ ಮಹಾವಂಶದಲ್ಲಿಯೂ ಬರುವುದು. ೭೦೦ ಜನ ಸಂಗಡಿಗರೊಡನೆ ಅಲ್ಲಿಗೆ ಬಂದಿಳಿದ ವಿಜಯನ ಪರಿವಾರವನ್ನು ಕುವೇಣಿಯೆಂಬ ಯಕ್ಷಿಣಿಯು ಮೊದಲು ಸೆರೆಹಿಡಿದಳಾದರೂ, ಅವನಿಗೆ ಸೋತು ಅವರೆಲ್ಲರನ್ನೂ ಬಿಟ್ಟುಕೊಟ್ಟು ಅವನ ಮಡದಿಯಾದಳು. ಸಿರೀಸವತ್ಥುವಿನಲ್ಲಿ ಮದುವೆಯ ಉತ್ಸವವು ನಡೆಯುತ್ತಿದ್ದ ಸಮಯದಲ್ಲಿ ಅವಳೇ ಕೊಟ್ಟ ಸುಳಿವಿನಿಂದ ವಿಜಯನು ಅಲ್ಲಿಯ ಯಕ್ಷರನ್ನು ಕೊಂದನು. ರಾಜ್ಯವು ಕೈಸೇರಿದ ಮೇಲೆ ಪಾಂಡ್ಯರಾಜಕುಮಾರಿಯನ್ನು ಮದುವೆಯಾಗುವುದಕ್ಕಾಗಿ ಕುವೇಣಿಯನ್ನು ಹೊರಡಿಸಿದನು. ಅವಳು ಇಬ್ಬರು ಮಕ್ಕಳೊಡನೆ ತನ್ನವರ ಊರಿಗೆ ಹೋಗಲು, ದ್ರೋಹಿಯೆಂದು ಅವರು ಅವಳನ್ನು ಕೊಂದರು, ಮಕ್ಕಳು ಕಾಡುಪಾಲಾದರು. ಅದೇ ನೆಲ, ಅದೇ ಊರು; ಆದರೆ ಈ ಕಥೆಯಲ್ಲಿ ಮನೆಯವರನ್ನು ನುಂಗಿದವನು ಅತಿಥಿ.

ಆಧುನಿಕರಲ್ಲಿಯೂ ಇದಕ್ಕೆ ನಿದರ್ಶನವುಂಟು. ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟನ ಒಂದು ಕಥೆಯು ೧೯೩೬ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅದರಲ್ಲಿ ಒಬ್ಬ ತರುಣನು ಅಗ್ಗದ ಬಸ್ಸನ್ನು ಹಿಡಿದು ಹೊರಟು, ಇನ್ಸ್‌ಮತ್ ಎಂಬ ಕಲ್ಪಿತವಾದ ಕಡಲತಡಿಯ ಊರಿನಲ್ಲಿ ರಾತ್ರಿ ತಂಗಬೇಕಾಗುವುದು. ಅಲ್ಲಿಯೂ ನಿಜವನ್ನು ಹೇಳುವವನು ಆ ಊರಿನಲ್ಲಿಯೇ ಸಿಕ್ಕಿಕೊಂಡು ಬಾಳು ಸವೆಸಿದ ೯೬ ವರ್ಷದ ಒಬ್ಬ ಮುದುಕ. ತರುಣನು ಹೇಗೋ ತಪ್ಪಿಸಿಕೊಂಡು ಸರಕಾರಕ್ಕೆ ತಿಳಿಸುವನು. ಊರವರನ್ನು ಗುಂಪುಗುಂಪಾಗಿ ಹಿಡಿದೊಯ್ಯುವರು. ವಿಚಾರಣೆಯೊಂದೂ ನಡೆದ ಸುದ್ದಿಯಿಲ್ಲ. ಕೆಲವು ವರ್ಷಗಳ ಮೇಲೆ ತಾನೂ ಅವರ ಸಂತತಿಯವನೇ ಎಂಬುದು ಅವನಿಗೆ ಗೊತ್ತಾಗಿ, ಅವರನ್ನೇ ಕೂಡಿಕೊಳ್ಳಲು ಹೊರಡುವನು. ಕಥೆಯಲ್ಲಿ ನರಬಲಿಯ ಮಾತೂ ಇದೆ. ಆದರೆ ಓದುವವನ ಜುಗುಪ್ಸೆಯು ಬಲಿಗಿಂತ ಮೊದಲೇ ಆ ಜನರ ಮೀನಿನಂಥ ಮುಖಗಳ ಮೇಲೆ ನೆಲೆಸುವಂತೆ ಬರೆದಿದೆ. ಗ್ರಂಥಕರ್ತನಿಗೆ ಅನ್ಯಜನಾಂಗಗಳಲ್ಲಿ ದ್ವೇಷವಿದ್ದುದು ಅವನ ಪತ್ರಗಳಿಂದ ತಿಳಿದುಬಂದಿದೆ. ಇಂಥ ಕಡೆ ಭಯಾನಕರಸವು ಸಂಸ್ಕಾರವನ್ನುಂಟುಮಾಡುವ ಬದಲು ವಿಕಾರವನ್ನುಂಟುಮಾಡುವುದು.

ಆದುದರಿಂದ ಒಂದು ಲಕ್ಷಣವನ್ನು ನಿರ್ಣಯಿಸಿಕೊಳ್ಳುವುದು ಅವಶ್ಯ. ಮುಖವು ಬೇರೆ, ಮಾತು ಬೇರೆ, ದೇವರು ಬೇರೆ ಎಂಬುದರಿಂದ ಊರು ರಾಕ್ಷಸನಗರವಾಗದು. ಅಲ್ಲಿ ಯಾತನಾಗೃಹವಿದೆಯೇ, ಹೋಗಬಾರದೆಂದು ತಡೆದಿರುವ ದಕ್ಷಿಣದ ವನವಿದೆಯೇ, ಒಬ್ಬನಿಗೆ ಎಡೆ ಹಾಕಲು ಇನ್ನೊಬ್ಬನನ್ನು ಸರಪಳಿಗೆ ಹಾಕುವರೇ ಎಂಬುದೇ ಪ್ರಶ್ನೆ. ಇದ್ದರೆ ಅದು ರಾಕ್ಷಸನಗರ. ಅಲ್ಲಿಯವರು ಬಂಧುಗಳಾದರೂ ಸರಿ, ಸ್ವಭಾಷೆಯವರಾದರೂ ಸರಿ.

ಈ ಲಕ್ಷಣವನ್ನು ಹಿಡಿದು ನೋಡಿದರೆ ಅಂಥ ಊರಿಗಾಗಿ ಕಡಲನ್ನು ದಾಟಬೇಕಾಗಿಲ್ಲ. ಮುಂಗಡವನ್ನು ಕೊಟ್ಟು ಕೂಲಿಗಳನ್ನು ದೂರದೂರಿಗೆ ಕರೆದೊಯ್ದು, ಸಾಲವು ತೀರಲಿಲ್ಲವೆಂದು ಹೊರಕ್ಕೆ ಬಿಡದ ಕೆಲಸದ ತಾಣಗಳು ಅಂಥವೇ. ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯಿದೆಯು ೧೯೭೬ರಲ್ಲಿ ಬಂದಿತು. ಆದರೆ ಒಳಗಿನಿಂದ ತಪ್ಪಿಸಿಕೊಂಡು ಬಂದವನೊಬ್ಬನು ಬಾಯಿ ಬಿಡದಿದ್ದರೆ ಕಾಯಿದೆಗೆ ಆ ಬಾಗಿಲು ಕಾಣುವುದೇ ಇಲ್ಲ. ಇನ್ನೂ ಸಮೀಪದ್ದೊಂದಿದೆ. ಮೊದಲ ಹೆಂಡತಿಯು ಅಕಾಲದಲ್ಲಿ ಸತ್ತ ಮನೆಗೆ ಎರಡನೆಯ ಹೆಣ್ಣನ್ನು ಕೊಡುವರು. ಮೊದಲಿನವಳು ಹೇಗೆ ಸತ್ತಳೆಂದು ಕೊಡುವವರು ಕೇಳುವುದಿಲ್ಲ. ಮನೆ ಚೆನ್ನಾಗಿದೆ, ಸ್ಥಳ ತೆರವಾಗಿದೆ. ನೆರೆಯವರಿಗೆ ತಿಳಿದಿರುವುದು, ಗೋಡೆಯಾಚೆಯ ಅಳುವನ್ನು ಅವರು ಕೇಳಿರುವರು. ನಮಗೇಕೆಂದು ಅವರು ಸುಮ್ಮನಿರುವರು. ಅವರು ಯಾರನ್ನೂ ಕೊಂದವರಲ್ಲ, ಯಾರ ಅನ್ನವನ್ನೂ ಕಿತ್ತವರಲ್ಲ, ಊರಿನಲ್ಲಿ ಸಭ್ಯರೆನಿಸಿದವರು. ಆದರೆ ಶೂಲದ ಮೇಲಿದ್ದ ಆ ಕುದುರೆವ್ಯಾಪಾರಿಯು ನರಳುತ್ತ ನರಳುತ್ತ ಮಾಡಿದಷ್ಟನ್ನು ಅವರು ಜಗುಲಿಯ ಮೇಲೆ ಸುಖವಾಗಿ ಕುಳಿತು ಮಾಡಲಾರದೆ ಹೋಗುವರು.

ಅರಿತವನು ಏನು ಮಾಡಬೇಕೆಂಬುದಕ್ಕೆ ಈ ಕಥೆಗಳಲ್ಲಿ ಮೂರು ಮೆಟ್ಟಲುಗಳಿವೆ. ತಪ್ಪಿಸಿಕೊಳ್ಳುವುದು ಒಂದು, ಜಿನಪಾಲಿತನು ಅಷ್ಟನ್ನು ಮಾಡಿದನು. ಮುಮುಕ್ಷುವಿಗೆ ದೃಷ್ಟಾಂತವಾಗಿ ಹೇಳಿದ ಕಥೆಯಾದುದರಿಂದ ಅಲ್ಲಿ ಹಿಂದಿರುಗಿ ನೋಡದಿರುವುದೇ ಪರಮಾರ್ಥ. ಜೊತೆಯವರಿಗೆ ತಿಳಿಸುವುದು ಎರಡನೆಯದು. ಜಾತಕದ ಹಿರಿಯ ವರ್ತಕನು ಅದನ್ನು ಮಾಡಿದನು. ತಾನೊಬ್ಬನೇ ರಾತ್ರಿಯೇ ಓಡಿಹೋಗಬಹುದಾಗಿದ್ದರೂ ಬೆಳಗಿನವರೆಗೆ ಆ ತಣ್ಣನೆಯ ಮೈಯ ಪಕ್ಕದಲ್ಲಿ ಕಾದಿದ್ದನೆಂಬುದು ಅವನ ದೊಡ್ಡತನ. ಆದರೆ ಯಾತನಾಗೃಹದ ಬಾಗಿಲಿಗೆ ಅವನೂ ಹೋಗಲಿಲ್ಲ. ಹೋದವರು ಯಾರೂ ಇಲ್ಲ. ಕಡಲತಡಿಯು ಮೊದಲಿನಂತೆಯೇ ಉಳಿಯಿತು. ಮುಂದಿನ ಹಡಗು ಬಂದಿತು. ಗಂಜಿಯೂ ಅನ್ನವೂ ಮತ್ತೆ ಸಿದ್ಧವಾದುವು.

ಮೂರನೆಯ ಮೆಟ್ಟಲನ್ನು ಏರಿದವನು ಸಿಂಹಲ. ಅವನ ಸಂಗಡಿಗರೆಲ್ಲರೂ ನಡುದಾರಿಯಲ್ಲಿ ಮರುಳಾಗಿ ಬಿದ್ದರು. ಅವನೊಬ್ಬನೇ ಊರು ಮುಟ್ಟಿದನು. ರಾಕ್ಷಸಿಯು ಅಲ್ಲಿಗೂ ಬಂದು ಅರಮನೆಯನ್ನು ಹೊಕ್ಕಳು. ಅವನ ಮಾತನ್ನು ನಂಬದ ರಾಜನು ಅವಳಿಗೆ ತುತ್ತಾದನು. ಪ್ರಜೆಗಳು ಸಿಂಹಲನನ್ನೇ ರಾಜನನ್ನಾಗಿ ಆರಿಸಿದರು. ಆಗ ಅವನು ಸುಖವಾಗಿ ಆಳಿಕೊಂಡಿರಬಹುದಾಗಿತ್ತು. ತಾನು ಬದುಕಿದ್ದೇ ಪುಣ್ಯವೆಂದು ಆ ದ್ವೀಪದ ಹೆಸರನ್ನೆತ್ತದೆ ಇದ್ದುಬಿಟ್ಟಿದ್ದರೆ ಅದನ್ನು ಹೇಡಿತನವೆಂದು ಯಾರೂ ಹೇಳುತ್ತಿರಲಿಲ್ಲ. ಅವನು ಸೈನ್ಯವನ್ನು ಕೂಡಿಸಿಕೊಂಡು ಅದೇ ಕಡಲನ್ನು ಮತ್ತೆ ದಾಟಿ, ಕಬ್ಬಿಣದ ಕೋಟೆಯನ್ನು ಒಡೆದು, ಸೆರೆಯಲ್ಲಿದ್ದ ವರ್ತಕರನ್ನು ಬಿಡಿಸಿದನೆಂದು ಯಾತ್ರಿಕನು ಬರೆದಿರುವನು. ಅವನಿಗೆ ಆ ದಾರಿಯು ಗೊತ್ತಿದ್ದುದು, ಹಿಂದೊಂದು ರಾತ್ರಿ ಅವರು ಗೋಡೆಯೊಳಗಿನಿಂದ ಹೇಳಿದ್ದುದರಿಂದ.